ಒಂಬೈನೂರು ಮೀಟರ್ ಬಾಕಿ

ಹೊರಡುವ ಮೊದಲು

ಗದಗ-ಬೆಟಗೇರಿಯ ಪ್ರಿಂಟಿಂಗ್ ಪ್ರೆಸ್ಸಿನವರಿಗೆ ವರ್ಷದಲ್ಲಿ ಪುರುಸೊತ್ತು ಅಂತ ಸಿಗುವುದು ಸಂಕ್ರಾಂತಿ ಆದ ಮೇಲಿನ ಎರಡು ವಾರ ಮಾತ್ರ. ಕ್ಯಾಲೆಂಡರು, ಡೈರಿ ಎಲ್ಲ ಡಿಸೆಂಬರಿನಲ್ಲೇ ಮುಗಿದಿರುತ್ತವೆ. ಲಗ್ನಪತ್ರಿಕೆಯ ಗದ್ದಲ ಇನ್ನೂ ಶುರುವಾಗಿರುವುದಿಲ್ಲ. ನಾನು ಕಟಿಂಗ್ ಮಶೀನಿನ ಮುಂದೆ ನಿಂತು ಇಪ್ಪತ್ತೆರಡು ವರ್ಷವಾಯಿತು. ರಜೆ ಕೇಳುವುದಿದ್ದರೆ ಆಗಲೇ ಕೇಳಬೇಕು. ಕೇಳಿದೆ. ಮಾಲೀಕರು "ಎಲ್ಲಿಗ್ರೀ?" ಅಂದರು. "ತುಂಗನಾಥಕ್ಕ" ಅಂದೆ. "ಜನವರಿಯಾಗ?" ಅಂತ ಕನ್ನಡಕ ತೆಗೆದು ನನ್ನನ್ನೇ ನೋಡಿದರು. ರಜೆ ಕೊಟ್ಟರು.

ತುಂಗನಾಥ ಇರುವುದು ಉತ್ತರಾಖಂಡದ ರುದ್ರಪ್ರಯಾಗ ಜಿಲ್ಲೆಯಲ್ಲಿ. ಪಂಚಕೇದಾರ ಅನ್ನುವ ಐದು ಶಿವನ ಗುಡಿಗಳಲ್ಲಿ ಮೂರನೆಯದು. ಪಾಂಡವರಿಂದ ತಪ್ಪಿಸಿಕೊಳ್ಳಲು ಶಿವ ಎತ್ತಾಗಿ ನೆಲದೊಳಗೆ ಹೊಕ್ಕಾಗ ಕೇದಾರದಲ್ಲಿ ಡುಬ್ಬ ಕಂಡಿತು, ತುಂಗನಾಥದಲ್ಲಿ ತೋಳು ಕಂಡವು ಅಂತ ಕತೆ. ಗುಡಿ 3,680 ಮೀಟರ್ ಎತ್ತರದಲ್ಲಿದೆ. ಕೆಳಗಿನ ಚೋಪ್ತಾದಿಂದ ಮೂರೂವರೆ ಕಿಲೋಮೀಟರ್ ಕಲ್ಲು ಹಾಸಿದ ದಾರಿ. ಅಷ್ಟರಲ್ಲೇ ಸಾಕಷ್ಟು ಏರಬೇಕು.

ಕೆಲವು ವರ್ಷಗಳ ಹಿಂದೆ ಜೂನ್ ತಿಂಗಳಲ್ಲಿ ಅವ್ವನನ್ನು ಕರೆದುಕೊಂಡು ಹೋಗಿದ್ದೆ. ಅವ್ವ ಕುದುರೆ ಮೇಲೆ, ನಾನು ಪಕ್ಕದಲ್ಲಿ ಏದುಸಿರು ಬಿಡುತ್ತ. ಮಳೆ, ಕುದುರೆ ಲದ್ದಿ, ಮ್ಯಾಗಿ ವಾಸನೆ, ಜನವೋ ಜನ. ದಾರಿಯ ಒಂದು ಢಾಬಾದಲ್ಲಿ ಅದೇ ದಾರಿಯ ಚಳಿಗಾಲದ ಫೋಟೊ ಅಂಟಿಸಿದ್ದರು. ಬರೀ ಬಿಳಿ. ಒಂದು ಕಬ್ಬಿಣದ ರೇಲಿಂಗಿನ ತುದಿ ಅಷ್ಟೇ ಹೊರಗೆ ಕಾಣುತ್ತಿತ್ತು. ಆ ರೇಲಿಂಗು ತಲೆಯಲ್ಲಿ ಕೂತುಬಿಟ್ಟಿತು.

ಈಗ ಅವ್ವನಿಗೆ ಹೇಳಿದಾಗ ಅವಳು ಶೇಂಗಾ ಹುರಿಯುವುದನ್ನು ನಿಲ್ಲಿಸಲಿಲ್ಲ. "ಚಳಿಗಾಲದಾಗ ಅಲ್ಲಿ ದೇವರ ಇರಂಗಿಲ್ಲ. ಯಾರ್ನ ನೋಡಾಕ ಹೊಂಟಿ?"

ಅವಳು ಹೇಳಿದ್ದು ಖರೇ. ದೀಪಾವಳಿಯ ನಂತರ ಗುಡಿ ಮುಚ್ಚಿ, ಉತ್ಸವಮೂರ್ತಿಯನ್ನು ಕೆಳಗಿನ ಮಕ್ಕೂಮಠಕ್ಕೆ ಒಯ್ಯುತ್ತಾರೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಸುಮ್ನೆ ನಕ್ಕೆ.

ತಯಾರಿ ಮಾಡಿದ್ದು ಕಪ್ಪತಗುಡ್ಡದಲ್ಲಿ. ಎರಡು ತಿಂಗಳು, ಪ್ರತಿ ಭಾನುವಾರ ಡೋಣಿ ಕಡೆಯಿಂದ ಹತ್ತುತ್ತಿದ್ದೆ. ಬ್ಯಾಗಿನಲ್ಲಿ ಐದು ರೀಮ್ ಎ4 ಕಾಗದ, ಹನ್ನೆರಡು ಕಿಲೋಗೆ ಸ್ವಲ್ಪ ಕಡಿಮೆ. ಒಮ್ಮೆ ಕುರಿ ಕಾಯುವ ಅಜ್ಜ ಒಬ್ಬರು, "ಚೀಲದಾಗ ಏನೈತ್ರಿ?" ಅಂದರು. "ಕಾಗದ ಐತ್ರಿ" ಅಂದೆ. "ಗುಡ್ಡದ ಮ್ಯಾಲಿಂದ ಯಾರಿಗೆ ಬರೀತೀರಿ ಇಷ್ಟು?" ಅಂದರು. ಕಪ್ಪತಗುಡ್ಡದ ಗಾಳಿ ಗೊತ್ತಲ್ಲ, ಕರೆಂಟಿನ ಗಾಳಿ ಫ್ಯಾನುಗಳನ್ನು ಸುಮ್ಮನೆ ನಿಲ್ಲಿಸಿಲ್ಲ ಅಲ್ಲಿ. ಏರಿಗೂ ಗಾಳಿಗೂ ತಯಾರಾದೆ. ಹಿಮಕ್ಕೆ ಮಾತ್ರ ಗದಗಿನಲ್ಲಿ ತಯಾರಿ ಇಲ್ಲ, ಫ್ರಿಜ್ಜಿನ ಮೇಲಿನ ಖಾನೆ ಬಿಟ್ಟರೆ.

ಓದಿ ತಿಳಿದುಕೊಂಡದ್ದು ಒಂದಿತ್ತು. ಹಿಮ ಜಾರಿ ಬರುವುದು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಅದಕ್ಕಿಂತ ಸಪಾಟಾಗಿದ್ದರೆ ನಿಲ್ಲುತ್ತದೆ. ಅದಕ್ಕಿಂತ ಕಡಿದಾಗಿದ್ದರೆ ಬಿದ್ದ ಹಾಗೇ ಉದುರಿ ಹೋಗುತ್ತದೆ. ಇಳಿಜಾರು ಅಳೆಯುವ ಉಪಕರಣ ಮಾರಾಟಕ್ಕಿದೆ. ಕಾಗದದವನಿಗೆ ಅದು ಬೇಡ. ಎ ಸೈಜಿನ ಯಾವ ಹಾಳೆಯಾದರೂ ಸರಿ, ಉದ್ದದ ಬದಿ ಅಗಲದ 1.414 ಪಟ್ಟು ಇರುತ್ತದೆ. ಮೂಲೆಯಿಂದ ಮೂಲೆಗೆ ಗೆರೆ ಎಳೆದರೆ ಆ ಗೆರೆ ಉದ್ದದ ಬದಿಗೆ 35 ಡಿಗ್ರಿಯಲ್ಲಿ ನಿಲ್ಲುತ್ತದೆ. ಉಳಿದುಹೋದ ಒಂದು ಎ5 ಡೈರಿಯ ರಟ್ಟಿನ ಮೇಲೆ ಕೆಂಪು ಪೆನ್ನಿನಿಂದ ಆ ಗೆರೆ ಎಳೆದು ಬ್ಯಾಗಿಗೆ ಹಾಕಿದೆ. ಒಬ್ಬನೇ ಹೋಗುವವನು, ಗೆರೆಯಾದರೂ ಜೊತೆಗಿರಲಿ ಅಂತ.

ದಿನ 1, 2 ಮತ್ತು 3: ರೈಲು

ಗದಗಿನಿಂದ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ದಿಲ್ಲಿಯ ರೈಲು. ಹುಬ್ಬಳ್ಳಿ ಸ್ಟೇಶನ್ನಿನ ಉದ್ದದ ಪ್ಲಾಟ್‌ಫಾರ್ಮು 1,507 ಮೀಟರ್, 2023ರಲ್ಲಿ ಶುರುವಾದದ್ದು, ಜಗತ್ತಿನಲ್ಲೇ ಉದ್ದವಂತೆ. ಬೂಟು ಪಳಗಲಿ ಅಂತ ಒಂದು ತುದಿಯಿಂದ ಇನ್ನೊಂದು ತುದಿಗೆ ಬ್ಯಾಗು ಹೊತ್ತು ನಡೆದೆ. ಇಪ್ಪತ್ತು ನಿಮಿಷ ಹಿಡಿಯಿತು. ಆ ಲೆಕ್ಕ ಮುಂದೆ ಬರುತ್ತದೆ.

ರೈಲಿನಲ್ಲಿ ಹೇಳುವಂಥದ್ದು ಏನೂ ನಡೆಯಲಿಲ್ಲ. ಪುಣೆ, ಭೋಪಾಲ್, ಝಾನ್ಸಿ. ಅವ್ವ ಕಟ್ಟಿಕೊಟ್ಟ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ತಿನ್ನುತ್ತ ಕೂತೆ. ಎದುರಿನ ಸೀಟಿನ ಪಂಜಾಬಿ ಹುಡುಗ ಒಂದು ತುಂಡು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ತಿಂದು, "ಇದು ಬಿಸ್ಕತ್ತೋ ಪಾಪಡ್ಡೋ?" ಅಂತ ಕೇಳಿದ. ಮೂರನೇ ದಿನ ದಿಲ್ಲಿಯಲ್ಲಿ ಇಳಿದಾಗ ಮಂಜಿನಲ್ಲಿ ಆಟೋದ ದೀಪ ಕೂಡ ಕಾಣುತ್ತಿರಲಿಲ್ಲ. ಬಸ್ಸಿನಲ್ಲಿ ಹರಿದ್ವಾರ. ಗಂಗೆಗೆ ಕಾಲು ಇಳಿಸಿ ಕೂಡಲೇ ಎತ್ತಿದೆ.

ದಿನ 4: ಊಖೀಮಠದವರೆಗೆ

ಬೆಳಿಗ್ಗೆ ಐದಕ್ಕೆ ಬಸ್ಸು. ದೇವಪ್ರಯಾಗದಲ್ಲಿ ಭಾಗೀರಥಿ, ಅಲಕನಂದಾ ಎರಡೂ ಸೇರಿ ಗಂಗೆ ಅನ್ನಿಸಿಕೊಳ್ಳುವ ಜಾಗ ಬಸ್ಸಿನ ಕಿಟಕಿಯಿಂದಲೇ ಕಂಡಿತು. ರುದ್ರಪ್ರಯಾಗದಲ್ಲಿ ದಾರಿ ಎರಡಾಗುತ್ತದೆ. ಬದರಿಯವರು ಅಲಕನಂದೆಯ ಜೊತೆ, ಕೇದಾರದವರು ಮಂದಾಕಿನಿಯ ಜೊತೆ. ನಮ್ಮದು ಮಂದಾಕಿನಿ. ಕುಂಡ್ ದಾಟಿ ಊಖೀಮಠ ಮುಟ್ಟಿದಾಗ ಕತ್ತಲಾಗಿತ್ತು, ಮಳೆ ಜಿಟಿಜಿಟಿ ಹಿಡಿದಿತ್ತು. ಊಖೀಮಠ ಸುಮಾರು 1,300 ಮೀಟರ್. ಸಾವಿರ ಮೀಟರ್ ಏರಿದರೆ ಆರೇಳು ಡಿಗ್ರಿ ಚಳಿ ಏರುತ್ತದೆ. ಇಲ್ಲಿ ಮಳೆ ಅಂದರೆ ಮೇಲೆ ಏನು ಬೀಳುತ್ತಿದೆ ಅಂತ ಯಾರೂ ಹೇಳಬೇಕಾಗಿರಲಿಲ್ಲ.

ದಿನ 5: ಕನ್ನಡ ಕೇಳಿದ ದಿನ

ಮಳೆ ನಿಂತಿರಲಿಲ್ಲ. ಓಂಕಾರೇಶ್ವರ ಗುಡಿಗೆ ಹೋದೆ. ಕೇದಾರನಾಥ ಚಳಿಗಾಲದಲ್ಲಿ ಇರುವುದು ಇಲ್ಲೇ, ಮದಮಹೇಶ್ವರನೂ ಇಲ್ಲೇ. ಕೇದಾರದ ಬಾಗಿಲು ಯಾವ ದಿನ ತೆರೆಯುತ್ತದೆ ಅಂತ ಸಾರುವುದೂ ಈ ಗುಡಿಯಲ್ಲೇ, ಶಿವರಾತ್ರಿಯ ದಿನ. ಕಟ್ಟಿಗೆಯ ಕಂಬಗಳಿಗೆ, ಗೋಡೆಗಳಿಗೆ ಗಾಢ ಬಣ್ಣ ಬಳಿದಿದ್ದಾರೆ. ಅಂಗಳದಲ್ಲಿ ನಿಂತು ಅವ್ವನಿಗೆ ಫೋನ್ ಮಾಡಿದೆ. "ಹೂಂ, ಉಂಡೇನಿ. ಇಲ್ಲ, ಇನ್ನೂ ಮ್ಯಾಲೆ ಹೋಗಿಲ್ಲ." ಅಷ್ಟು ಅಂದದ್ದೇ ತಡ, ಹಿಂದಿನಿಂದ ಧ್ವನಿ ಬಂತು: "ಯಾವೂರ್ರೀ ನಿಮ್ದು?"

ಹಾವೇರಿ ಕಡೆಯ ಹಿರಿಯರು. ಮಠದ ಸೇವೆಯಲ್ಲಿ ಬಂದು ಹಲವು ವರ್ಷ ಇಲ್ಲೇ ಇದ್ದವರು. ನಮ್ಮ ಕಡೆ ಪಂಚಪೀಠ ಅಂದರೆ ಚಿಕ್ಕ ಮಕ್ಕಳಿಗೂ ಗೊತ್ತು. ರಂಭಾಪುರಿ, ಉಜ್ಜಯಿನಿ, ಶ್ರೀಶೈಲ, ಕಾಶಿ, ಕೇದಾರ. ಆ ಕೇದಾರ ಪೀಠ ಇರುವುದು ಇದೇ ಊಖೀಮಠದಲ್ಲಿ. ಕೇದಾರನಾಥದ ರಾವಲರು, ಅಂದರೆ ಆ ಗುಡಿಯ ಮುಖ್ಯಸ್ಥರು, ಕರ್ನಾಟಕ ಮೂಲದ ವೀರಶೈವ ಜಂಗಮರು, ಇದು ಹಳೆಯ ಸಂಪ್ರದಾಯ. ರಾವಲರು ತಾವೇ ಪೂಜೆ ಮಾಡುವುದಿಲ್ಲ, ಅವರ ಅಪ್ಪಣೆಯಂತೆ ಅರ್ಚಕರು ಮಾಡುತ್ತಾರೆ. ಇದೆಲ್ಲ ಓದಿ ಗೊತ್ತಿತ್ತು. ಆದರೆ ಎರಡು ಸಾವಿರ ಕಿಲೋಮೀಟರ್ ಆಚೆ, ಮಳೆಯಲ್ಲಿ, "ಚಾ ಕುಡೀತೀರೇನು ಬರ್ರಿ" ಅಂತ ಕೇಳುವುದು ಬೇರೆ.

ಚಹಾದ ಜೊತೆ ನನ್ನ ಕಟಕ ರೊಟ್ಟಿ ಬಿಚ್ಚಿದೆ. ಅವರು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ತುಸು ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: "ಮ್ಯಾಲೆ ಮೂರು ದಿನದಿಂದ ಹಿಮಾ ಬೀಳಾಕತ್ತೈತಿ. ಬಿಸಿಲು ಬಿದ್ದ ಮ್ಯಾಲೆ ಎರಡ ದಿನಾ ತಡದು ಹೋಗ್ರಿ. ಹೊಸಾ ಹಿಮಾ ಕುಂದರಬೇಕು."

ಎರಡು ದಿನ ತಡೆಯಲು ನನ್ನ ಹತ್ತಿರ ಎರಡು ದಿನ ಇರಲಿಲ್ಲ. ರಿಟರ್ನ್ ಟಿಕೆಟ್ ಆಗಿತ್ತು. ಈಗ ಯೋಚನೆ ಮಾಡಿದರೆ ಈ ಪ್ರವಾಸದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಬೆಟ್ಟದಲ್ಲಿ ಆದದ್ದಲ್ಲ. ಬೆಟಗೇರಿಯಲ್ಲಿ, ಮೊಬೈಲಿನಲ್ಲಿ ಟಿಕೆಟ್ ಬುಕ್ ಮಾಡುವಾಗ ಆದದ್ದು. ಒಂದೇ ಒಂದು ದಿನ ಹೆಚ್ಚಿಗೆ ಇಟ್ಟಿದ್ದೆ, ಅದು ಮಳೆಗೆ ಹೋಯಿತು.

ದಿನ 6: ಚೋಪ್ತಾ

ಬಿಸಿಲು ಬಿತ್ತು. ಜೀಪು ದುಗಲ್‌ಬಿಟ್ಟಾದವರೆಗೆ ಬಂದು ನಿಂತಿತು. ಮುಂದೆ ರಸ್ತೆ ಇಲ್ಲ. ಇದೆ, ಹಿಮದ ಕೆಳಗೆ. ಚೋಪ್ತಾಕ್ಕೆ ಇನ್ನೂ ಏಳು ಕಿಲೋಮೀಟರ್ ನಡಿಗೆ.

ಮೊದಲ ಸಲ ಹಿಮದಲ್ಲಿ ಕಾಲಿಟ್ಟಾಗ ಬಂದ ಸಪ್ಪಳ ಚೆನ್ನಾಗಿ ನೆನಪಿದೆ. ರವೆ ಚೀಲದ ಮೇಲೆ ಕಾಲಿಟ್ಟ ಹಾಗೆ ಕರ್ ಅಂತು. ಮಳಕಾಲಿನ ಕೆಳಗಿನವರೆಗೆ ಹೋಯಿತು. ಯಾರೋ ಮೊದಲೇ ನಡೆದ ಗುರುತು ಇತ್ತು, ಆ ಕುಳಿಗಳಲ್ಲೇ ಕಾಲು ಇಡುತ್ತ ಹೋದೆ. ನನಗಿಂತ ಉದ್ದ ಕಾಲಿನವನಿರಬೇಕು, ಪ್ರತಿ ಹೆಜ್ಜೆಗೂ ಹಾರಿದಂತೆ ಆಗುತ್ತಿತ್ತು. ಎರಡೂ ಕಡೆ ದೇವದಾರು, ಓಕ್, ಬುರಾಂಶ್ (ಅಲ್ಲಿಯ ರೋಡೋಡೆಂಡ್ರಾನ್ ಮರ). ಹಿಮದ ಭಾರಕ್ಕೆ ಬಾಗಿದ ಬುರಾಂಶ್ ಕೊಂಬೆ ಒಂದು ನಾನು ತಾಗಿದ ಕೂಡಲೇ ಮೇಲೆದ್ದು, ಹೊತ್ತದ್ದನ್ನೆಲ್ಲ ನನ್ನ ಕುತ್ತಿಗೆಯೊಳಗೆ ಸುರಿಯಿತು. ಬನಿಯಾಕುಂಡದ ಹತ್ತಿರ ಒಂದು ಮೋನಾಲ್ ಹಕ್ಕಿ ಇಳಿಜಾರಿನಲ್ಲಿ ಹಿಮ ಕೆದರುತ್ತಿತ್ತು. ನವಿಲಿನ ಕುತ್ತಿಗೆಯ ಬಣ್ಣವನ್ನೇ ಕೋಳಿಯ ಮೈಗೆ ಹಚ್ಚಿದ ಹಾಗೆ. ಇದು ಉತ್ತರಾಖಂಡದ ರಾಜ್ಯಪಕ್ಷಿ.

ಏಳು ಕಿಲೋಮೀಟರಿಗೆ ನಾಲ್ಕೂವರೆ ತಾಸು. ಕಪ್ಪತಗುಡ್ಡದಲ್ಲಿ ಇಷ್ಟು ಹೊತ್ತಿನಲ್ಲಿ ಹತ್ತಿ, ಇಳಿದು, ಡೋಣಿಯಲ್ಲಿ ಮಿರ್ಚಿ ತಿಂದು ಮನೆಗೆ ಬರುತ್ತಿದ್ದೆ.

ಚೋಪ್ತಾದಲ್ಲಿ ತೆರೆದಿದ್ದದ್ದು ಒಂದೇ ಢಾಬಾ. ನಡೆಸುವವರು ಅರವತ್ತರ ಆಸುಪಾಸಿನವರು, ಎಲ್ಲರೂ ಚಾಚಾ ಅನ್ನುತ್ತಾರೆ. ತಗಡಿನ ಕೋಣೆ, ನಾಲ್ಕು ರಜಾಯಿ, ಸೋಲಾರ್ ದೀಪ. ನನ್ನ ಹಿಂದಿ ಗದಗಿನ ಹಿಂದಿ, ಅವರದು ಗಢವಾಲಿ ಸೇರಿದ ಹಿಂದಿ. ಆದರೂ ಅವರು ಹೇಳಿದ್ದು ಪೂರ್ತಿ ತಿಳಿಯಿತು. ನಿನ್ನೆ ನಾಲ್ಕು ಹುಡುಗರು ಹೋಗಿ ಅರ್ಧಕ್ಕಿಂತ ಮೊದಲೇ ತಿರುಗಿ ಬಂದರು. ನಾಳೆ ನೀನು ಹೋಗುವುದಾದರೆ ಬೆಳಕು ಹರಿಯುವಾಗ ಹೋಗು. ಹನ್ನೆರಡಕ್ಕೆ ಎಲ್ಲಿದ್ದೀಯೋ ಅಲ್ಲಿಂದ ತಿರುಗು. ಗುಡಿ ಎದುರಿಗೇ ಕಂಡರೂ ತಿರುಗು. ನಾಲ್ಕು ಗಂಟೆಗೆ ನೀನು ಈ ಬಾಗಿಲಲ್ಲಿ ಇಲ್ಲದಿದ್ದರೆ ನಾನು ಹೊರಡಬೇಕಾಗುತ್ತದೆ, ನನಗೆ ಮಂಡಿ ನೋವು.

ಆ ಕೊನೆಯ ಮಾತು ನನಗೆ ಚೆನ್ನಾಗಿ ನಾಟಿತು.

ರಾತ್ರಿ ನೀರಿನ ಬಾಟಲಿಯನ್ನು ತಲೆಕೆಳಗಾಗಿ ಇಟ್ಟು ಮಲಗಿದೆ. ನೀರು ಮೇಲಿನಿಂದ ಗಡ್ಡೆ ಕಟ್ಟುತ್ತದೆ. ತಲೆಕೆಳಗಾಗಿ ಇಟ್ಟರೆ ಗಡ್ಡೆ ಆಗುವುದು ಬುಡದ ಕಡೆ, ಬೆಳಿಗ್ಗೆ ಮುಚ್ಚಳ ಬಿಚ್ಚಿದರೆ ಕುಡಿಯಲು ಬರುತ್ತದೆ. ಮೊಬೈಲನ್ನು ಒಳ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೆ. ಚಳಿಗೆ ಬ್ಯಾಟರಿ ಬೇಗ ಸತ್ತುಹೋಗುತ್ತದೆ.

ದಿನ 7: ಮೇಲೆ, ಆಮೇಲೆ ಕೆಳಗೆ

6:40ಕ್ಕೆ ಹೊರಟೆ. ಚಾಚಾ ಫ್ಲಾಸ್ಕಿಗೆ ಚಹಾ ತುಂಬಿಕೊಟ್ಟರು. ಬೂಟಿಗೆ ಹಲ್ಲಿನ ಸರಪಳಿ ಕಟ್ಟಿಕೊಂಡೆ. ಅದಕ್ಕೆ ಅಂಗಡಿಯವರು ಮೈಕ್ರೊಸ್ಪೈಕ್ ಅನ್ನುತ್ತಾರೆ. ಅದು ಮಂಜುಗಡ್ಡೆಯ ಮೇಲೆ ಒಳ್ಳೆಯದು, ಮೆತ್ತನೆಯ ಹಿಮದಲ್ಲಿ ಇದ್ದೂ ಇಲ್ಲದಂತೆ.

ಮೊದಲ ಒಂದು ಕಿಲೋಮೀಟರ್ ಚಿಲ್ಲರೆ ಆ ನಾಲ್ಕು ಹುಡುಗರ ಗುರುತಿನಲ್ಲಿ ನಡೆದೆ. ಕಾಡು ಮುಗಿದು ಬುಗ್ಯಾಲ್, ಅಂದರೆ ಬೆಟ್ಟದ ಮೇಲಿನ ಹುಲ್ಲುಗಾವಲು, ಶುರುವಾಗುವಲ್ಲಿ ಒಂದು ಮುಚ್ಚಿದ ಢಾಬಾ. ತಗಡಿನ ಮಾಡು ಅಷ್ಟೇ ಹೊರಗಿತ್ತು. ಗುರುತು ಅಲ್ಲಿಗೆ ನಿಂತಿತು. ಆ ನಾಲ್ವರು ಅಲ್ಲಿ ಕೂತು ಏನೋ ತಿಂದು, ಸುತ್ತಲೂ ತುಳಿದಾಡಿ ತಿರುಗಿದ್ದರು. ಒಂದು ಕಿತ್ತಳೆ ಸಿಪ್ಪೆ ಬಿದ್ದಿತ್ತು. ಅದರಾಚೆ ಒಂದು ಗೀರೂ ಇಲ್ಲದ ಬಿಳಿ.

ಸಮಯ 8:15. ಮೈ ಬಿಸಿಯಾಗಿತ್ತು, ಆಕಾಶ ನೀಲಿಯಾಗಿತ್ತು. ಮುಂದೆ ಹೆಜ್ಜೆ ಇಟ್ಟೆ. ಮಳಕಾಲಿನವರೆಗೆ ಹೋಯಿತು. ಇನ್ನೊಂದು ಇಟ್ಟೆ, ತೊಡೆಯವರೆಗೆ ಹೋಯಿತು.

ಅಲ್ಲಿಂದ ಮುಂದಿನದು ನಡಿಗೆ ಅಲ್ಲ. ಒಂದು ಕಾಲನ್ನು ಕೈಯಿಂದ ಹಿಡಿದು ಎತ್ತಿ ಮುಂದೆ ಇಡುವುದು. ಅದು ಇಳಿಯುವವರೆಗೆ ಕಾಯುವುದು. ನಿಂತಿತು ಅನ್ನಿಸಿದಾಗ ಭಾರ ಹಾಕುವುದು. ಭಾರ ಹಾಕಿದ ಮೇಲೆ ಅದು ಇನ್ನೊಂದು ಗೇಣು ಇಳಿಯುವುದು. ಭತ್ತದ ಗದ್ದೆಯ ಕೆಸರಿನಲ್ಲಿ ನಡೆದವರಿಗೆ ಸ್ವಲ್ಪ ಅಂದಾಜು ಆಗಬಹುದು, ಆದರೆ ಗದ್ದೆಗೆ ಏರು ಇರುವುದಿಲ್ಲ. ಹತ್ತು ಹೆಜ್ಜೆ, ನಿಲ್ಲು. ಹತ್ತು ಹೆಜ್ಜೆ, ನಿಲ್ಲು. ಆಮೇಲೆ ಏಳು ಹೆಜ್ಜೆ. 3,400 ಮೀಟರಿನ ಹತ್ತಿರ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲು ಅಷ್ಟೇ. ಐದು ರೀಮ್ ಕಾಗದ ಇದನ್ನು ಕಲಿಸಿರಲಿಲ್ಲ.

ಹತ್ತೂವರೆ ಸುಮಾರಿಗೆ ಮೋಡ ಬಂತು. ಬಂತು ಅನ್ನುವುದಕ್ಕಿಂತ ಚೌಖಂಬಾ ಹೋಯಿತು ಅನ್ನಬೇಕು. ಅಲ್ಲಿಯವರೆಗೆ ಆ 7,138 ಮೀಟರಿನ ನಾಲ್ಕು ತಲೆಯ ಶಿಖರ ಎದುರಿಗೇ ಇತ್ತು. ನಾನು ತಲೆ ತಗ್ಗಿಸಿ ಹೆಜ್ಜೆ ಎಣಿಸಿ ಮತ್ತೆ ಎತ್ತಿ ನೋಡುವಷ್ಟರಲ್ಲಿ ಇರಲಿಲ್ಲ. ಗಾಳಿ ಎದ್ದಿತು. ನೆಲದ ಹಿಮ ಹಿಟ್ಟಿನ ಗಿರಣಿಯ ಧೂಳಿನಂತೆ ಓಡಾಡತೊಡಗಿತು.

ಫೋನಿನಲ್ಲಿ ಇಳಿಸಿಕೊಂಡಿದ್ದ ನಕ್ಷೆ ತೆಗೆದೆ. ಹನ್ನೊಂದು ಗಂಟೆಗೂ ಹನ್ನೆರಡಕ್ಕೂ ನಡುವೆ ನಾನು ಬಂದದ್ದು 250 ಮೀಟರ್. ಉಳಿದದ್ದು 900 ಮೀಟರ್. ಹುಬ್ಬಳ್ಳಿ ಪ್ಲಾಟ್‌ಫಾರ್ಮಿನ ಮೂರರಲ್ಲಿ ಎರಡು ಪಾಲು ಕೂಡ ಇಲ್ಲ. ಅಲ್ಲಾದರೆ ಹನ್ನೆರಡು ನಿಮಿಷ. ಇಲ್ಲಿ ಈ ಲೆಕ್ಕದಲ್ಲಿ ಮೂರೂವರೆ ತಾಸಿಗಿಂತ ಜಾಸ್ತಿ. ಆಮೇಲೆ ಇಳಿಯಬೇಕು. ಕತ್ತಲಾಗುವುದು ಆರರೊಳಗೆ.

ಲೆಕ್ಕ ಸ್ಪಷ್ಟವಾಗಿತ್ತು. ಆದರೂ ತಿರುಗಲಿಲ್ಲ ನೋಡಿ. ಇದನ್ನು ಬಚ್ಚಿಡುವುದರಲ್ಲಿ ಅರ್ಥ ಇಲ್ಲ. "ಆ ತಿರುವಿನವರೆಗೆ ನೋಡೋಣ, ಆಮೇಲೆ ಹಿಮ ಕಡಿಮೆ ಇರಬಹುದು" ಅಂದುಕೊಂಡೆ. ಹನ್ನೆರಡು ಹೊಡೆದಿತ್ತು. ಚಾಚಾ ನೆನಪಾದರು. ಅವರ ಮಂಡಿಯೂ ನೆನಪಾಯಿತು. "ಹತ್ತೇ ನಿಮಿಷ" ಅಂದೆ. ಯಾರಿಗೆ ಅಂದೆನೋ.

ಆ ತಿರುವಿನಾಚೆ ದಾರಿ ಒಂದು ಇಳಿಜಾರನ್ನು ಅಡ್ಡವಾಗಿ ದಾಟುತ್ತದೆ. ದಾರಿ ಅನ್ನುವುದು ನಕ್ಷೆಯಲ್ಲಿ ಮಾತ್ರ. ಕಣ್ಣಿಗೆ ಮೇಲಿನಿಂದ ಕೆಳಗಿನವರೆಗೆ ಒಂದೇ ಇಳಿಜಾರು. ಡೈರಿ ತೆಗೆದೆ. ಉದ್ದದ ಬದಿಯನ್ನು ಮಟ್ಟಸವಾಗಿ ಹಿಡಿದು, ಒಂದು ಕಣ್ಣು ಮುಚ್ಚಿ, ಕೆಂಪು ಗೆರೆಯನ್ನು ಬೆಟ್ಟದ ಅಂಚಿಗೆ ಹೊಂದಿಸಿದೆ. ಕಟಿಂಗ್ ಮಶೀನಿನಲ್ಲಿ ಹಾಳೆ ಗೇಜಿಗೆ ಕೂತ ಹಾಗೆ ಕೂತಿತು. ಗೆರೆ ಯಾವುದು, ಬೆಟ್ಟ ಯಾವುದು ಅಂತ ಬೇರೆ ಕಾಣಲಿಲ್ಲ.

ನಾನು ನಿಂತದ್ದು ಇನ್ನೂ ಅಂಚಿನಲ್ಲಿ. ಕೋಲು ಚುಚ್ಚಿ ನೋಡೋಣ ಅಂತ ಒಂದು ಹೆಜ್ಜೆ ಇಟ್ಟೆ. ಧುಪ್.

ದೊಡ್ಡ ಸಪ್ಪಳ ಅಲ್ಲ. ಕಿವಿಗಿಂತ ಜಾಸ್ತಿ ಕಾಲಿಗೆ ಕೇಳಿಸಿತು. ಸುತ್ತಲಿನ ಹಿಮ ಒಂದು ಬೆರಳಿನಷ್ಟು ಕುಸಿದು ಕೂತಿತು. ನನ್ನ ಬೂಟಿನ ತುದಿಯಿಂದ ಒಂದು ಸಣ್ಣ ಬಿರುಕು ಕೂದಲಿನಂತೆ ಓಡಿ, ಮೂರ್ನಾಲ್ಕು ಮಾರು ಆಚೆ ಹೋಗಿ ನಿಂತಿತು.

ಪ್ರೆಸ್ಸಿನವರಿಗೆ ಇದನ್ನು ವಿವರಿಸುವುದು ಸುಲಭ. ಆರ್ಟ್ ಪೇಪರ್ ನುಣುಪು. ಅದರ ರೀಮುಗಳನ್ನು ಸ್ವಲ್ಪ ವಾರೆಯಾಗಿ ಒಂದರ ಮೇಲೊಂದು ಪೇರಿಸಿಟ್ಟರೆ ಸುಮ್ಮನೆ ನಿಂತಿರುತ್ತದೆ. ಗಂಟೆಗಟ್ಟಲೆ ನಿಂತಿರುತ್ತದೆ. ಯಾರಾದರೂ ಮೊಣಕೈ ತಾಗಿಸಿದರೆ ಕೆಳಗಿನವು ಅಲ್ಲೇ ಇರುತ್ತವೆ, ಮೇಲಿನವು ಎಲ್ಲ ಒಟ್ಟಿಗೆ ಬರುತ್ತವೆ. ಹಿಮವೂ ಹಾಗೇ ಪದರ ಪದರ. ಕೆಳಗೆ ಹಳೆಯದು ಗಟ್ಟಿ, ನಡುವೆ ಒಂದು ಬಡಕಲು ಪದರ, ಮೇಲೆ ಮೂರು ದಿನದ ಹೊಸದು. ಧುಪ್ ಅಂದದ್ದು ನಡುವಿನ ಪದರ ಕುಸಿದ ಸಪ್ಪಳ. ಹಾಗೊಮ್ಮೆ ಜಾರಿದ ರೀಮುಗಳ ಕೆಳಗೆ ನನ್ನ ಎಡಗಾಲಿನ ಹೆಬ್ಬೆರಳಿನ ಉಗುರು ಹೋಗಿದೆ. ಇಲ್ಲಿ ಹೋಗುವುದು ಉಗುರಲ್ಲ.

ಬಂದ ಕುಳಿಗಳಲ್ಲೇ ಹಿಂದೆ ಹಿಂದೆ ಹೆಜ್ಜೆ ಇಟ್ಟು ಸಪಾಟು ಜಾಗಕ್ಕೆ ಬಂದೆ. ತಿರುಗಿದೆ. ಸಮಯ 12:10. ಆ ಫೋಟೊದ ರೇಲಿಂಗು ಎಲ್ಲೂ ಕಾಣಲಿಲ್ಲ. ಗುಡಿಯೂ ಕಾಣಲಿಲ್ಲ. ಸೋತೆ ಅನ್ನಿಸಿತಾ ಅಂದರೆ, ಆಗ ಇಲ್ಲ. ಆಗ ಅನ್ನಿಸಿದ್ದು ಒಂದೇ, ಮೈ ನಡುಗುತ್ತಿದೆ ಅಂತ.

ಅದಕ್ಕೆ ಕಾರಣ ಬನಿಯನ್. ಎಲ್ಲದಕ್ಕೂ ದುಡ್ಡು ಸುರಿದು, ಒಳಗೆ ಮಾತ್ರ ದಿನದ ಹತ್ತಿ ಬನಿಯನ್ ಹಾಕಿದ್ದೆ. ಹತ್ತಿ ಬೆವರು ಕುಡಿಯುತ್ತದೆ, ಕುಡಿದದ್ದನ್ನು ಬಿಡುವುದಿಲ್ಲ. ಹತ್ತುವಾಗ ಗೊತ್ತಾಗಲಿಲ್ಲ. ನಿಂತು ಹತ್ತು ನಿಮಿಷಕ್ಕೆ ಬೆನ್ನಿಗೆ ಒದ್ದೆ ಬಟ್ಟೆ ಸುತ್ತಿದ ಹಾಗಾಯಿತು. ಹತ್ತಿ ಬೆಳೆಯುವ ಊರಿನವನಿಗೆ ಹತ್ತಿಯೇ ಕೈಕೊಟ್ಟಿತು. ಬ್ಯಾಗಿನ ಸೊಂಟದ ಪಟ್ಟಿಯ ಕೊಂಡಿ ಹಾಕಲು ಹೋದರೆ ಬೆರಳು ಮಾತು ಕೇಳಲಿಲ್ಲ. ಮೂರು ಸಲ ಪ್ರಯತ್ನ ಪಟ್ಟೆ. ಕೈ ಒಯ್ದು ಕಂಕುಳಲ್ಲಿ ಇಟ್ಟು ನೂರು ಎಣಿಸಿದೆ. ಆಮೇಲೆ ಕೊಂಡಿ ಟಕ್ ಅಂತು. ಆ ಟಕ್ ಕೇಳಿ ಆದ ಸಂತೋಷ ಅಷ್ಟಿಷ್ಟಲ್ಲ. ಶೇಂಗಾ ಉಂಡಿ ತೆಗೆದೆ. ಬೆಲ್ಲ ಚಳಿಗೆ ಕಲ್ಲಾಗಿತ್ತು, ಹಲ್ಲು ಹತ್ತಲಿಲ್ಲ. ಕಟಕ ರೊಟ್ಟಿ ಮಾತ್ರ ಮನೆಯಲ್ಲಿ ಹೇಗಿತ್ತೋ ಹಾಗೇ ಇತ್ತು. ಗಡ್ಡೆ ಕಟ್ಟಲು ಅದರಲ್ಲಿ ನೀರೇ ಇರುವುದಿಲ್ಲ. ನಿಂತುಕೊಂಡೇ ಎರಡು ತಿಂದು ಚಹಾ ಕುಡಿದೆ.

ಇಳಿಯುವುದು ಸುಲಭ ಅಂತ ಲೆಕ್ಕ ಹಾಕಿದ್ದೆ. ಬಂದ ಕುಳಿಗಳು ಇವೆಯಲ್ಲ. ಇರಲಿಲ್ಲ. ಇಪ್ಪತ್ತು ನಿಮಿಷದ ಹಿಂದೆ ತೊಡೆಯಷ್ಟು ಆಳ ತೋಡಿದ್ದ ನನ್ನದೇ ದಾರಿಯನ್ನು ಗಾಳಿ ತುಂಬಿ, ಮೇಲೆ ಕೈಯಾಡಿಸಿ ಸಪಾಟು ಮಾಡಿತ್ತು. ಮೇಲೂ ಬಿಳಿ, ಕೆಳಗೂ ಬಿಳಿ. ಏರು ಯಾವುದು ಇಳಿವು ಯಾವುದು ಅಂತ ಕಣ್ಣಿಗೆ ತಿಳಿಯುತ್ತಿರಲಿಲ್ಲ. ಅಲ್ಲಿ ನಿಜವಾಗಿ ಹೆದರಿದೆ.

ಕೋಲು ಕಾಪಾಡಿತು. ತುಳಿದ ಹಿಮ ಒಳಗೆ ಗಟ್ಟಿಯಾಗಿರುತ್ತದೆ. ಕೋಲು ಒಂದು ಗೇಣು ಇಳಿದು ನಿಂತರೆ ಅದು ನನ್ನ ದಾರಿ. ಇಳಿಯುತ್ತಲೇ ಹೋದರೆ ಅಲ್ಲ. ಕುರುಡನಂತೆ ಎಡಕ್ಕೆ ಬಲಕ್ಕೆ ಚುಚ್ಚುತ್ತ, ನಿಂತಲ್ಲಿ ಕಾಲಿಡುತ್ತ ಬಂದೆ. ಕಾಡಿನ ಅಂಚಿನಲ್ಲಿ ಒಮ್ಮೆ ತಪ್ಪಿದೆ. ಒಂದು ಮರದ ಬುಡದಲ್ಲಿ, ಕೊಂಬೆಯ ಕೆಳಗೆ ಹಿಮ ತುಂಬದೆ ಟೊಳ್ಳಾಗಿದ್ದ ಜಾಗಕ್ಕೆ ಸೊಂಟದವರೆಗೆ ಇಳಿದುಬಿಟ್ಟೆ. ಕಾಲಿಗೆ ನೆಲ ಸಿಗಲಿಲ್ಲ. ಬ್ಯಾಗು ಬಿಚ್ಚಿ ಮುಂದೆ ಇಟ್ಟು, ಅದರ ಮೇಲೆ ಎದೆ ಹಾಕಿ, ಬಾವಿಯಿಂದ ಹೊರಗೆ ಬರುವ ಹುಡುಗನಂತೆ ತೆವಳಿ ಬಂದೆ. ನೋಡಲು ಯಾರೂ ಇರಲಿಲ್ಲ ಅನ್ನುವುದು ಒಂದು ಸಮಾಧಾನ. ಯಾರೂ ಇರಲಿಲ್ಲ ಅನ್ನುವುದೇ ಭಯ ಕೂಡ.

ಕಿತ್ತಳೆ ಸಿಪ್ಪೆ ಕಂಡಿತು. ಅಷ್ಟು ಪ್ರೀತಿಯಿಂದ ನಾನು ಯಾವ ಕಸವನ್ನೂ ನೋಡಿಲ್ಲ. ಎತ್ತಿ ಜೇಬಿಗೆ ಹಾಕಿಕೊಂಡೆ.

3:15ಕ್ಕೆ ಚೋಪ್ತಾ. ಚಾಚಾ ಬಾಗಿಲಲ್ಲಿ ಬೂಟು ಹಾಕಿಕೊಂಡು ಕೂತಿದ್ದರು. ನನ್ನನ್ನು ನೋಡಿ ಒಂದು ಮಾತೂ ಆಡದೆ ಬೂಟಿನ ಲೇಸು ಬಿಚ್ಚತೊಡಗಿದರು.

ರಾತ್ರಿ ಒಲೆಯ ಮುಂದೆ ಕೂತಾಗ ಹೊಟ್ಟೆ ಉರಿಯಿತು. 900 ಮೀಟರ್. ಆ ಇಳಿಜಾರು ನಿಂತೇ ಇರುತ್ತಿತ್ತೋ ಏನೋ. ನಾನು ದಾಟಿ ಹೋಗಿ ಗುಡಿಯ ಬಾಗಿಲು ಮುಟ್ಟಿ ಬರುತ್ತಿದ್ದೆನೋ ಏನೋ. ಅದು ಇನ್ನು ಗೊತ್ತಾಗುವ ಹಾಗಿಲ್ಲ. ಚಾಚಾನ ಕೈಗೆ ಡೈರಿ ಕೊಟ್ಟು ಕೆಂಪು ಗೆರೆಯ ವಿಷಯ ಹೇಳಿದೆ. ಅವರು ಹಾಗೆ ಹೀಗೆ ತಿರುಗಿಸಿ ನೋಡಿ, ಇದರಲ್ಲಿ ಖಾಲಿ ಪುಟ ಇವೆ, ಉದ್ರಿ ಬರೆಯಲು ಇಟ್ಟುಕೊಳ್ಳಲಾ ಅಂತ ಕೇಳಿದರು. ಕೊಟ್ಟೆ.

ದಿನ 8: ಮಕ್ಕೂಮಠ

ಮೋಡ ಇಳಿದೇ ಇತ್ತು. ಇನ್ನೊಂದು ಸಲ ಹೋಗುವ ಮಾತೇ ಇಲ್ಲ. ದುಗಲ್‌ಬಿಟ್ಟಾಕ್ಕೆ ನಡೆದು, ಜೀಪು ಹಿಡಿದು ಮಕ್ಕೂಮಠಕ್ಕೆ ಹೋದೆ. ಹೊಲಗಳ ನಡುವಿನ ಚಿಕ್ಕ ಊರು, ಕಲ್ಲಿನ ಗುಡಿ. ತುಂಗನಾಥನ ಪೂಜಾರಿಕೆ ಈ ಊರಿನವರದೇ. ಕೇದಾರಕ್ಕೆ ನಮ್ಮ ಕಡೆಯವರು, ತುಂಗನಾಥಕ್ಕೆ ಇಲ್ಲಿಯವರು. ಗುಡಿಯಲ್ಲಿ ನಾನು, ಪೂಜಾರಿ, ಒಂದು ಬೆಕ್ಕು. ಜೂನಿನಲ್ಲಿ ಮೇಲೆ ಎರಡು ಸೆಕೆಂಡು ನೋಡಲು ಬಿಟ್ಟಿದ್ದರು. ಇಲ್ಲಿ ಅರ್ಧ ತಾಸು ಕೂತೆ. ಪೂಜಾರಿ ಮೇಲೆ ಹೋಗಿದ್ದಿರಾ ಅಂತ ಕೇಳಿದರು. ಹೋಗಿದ್ದೆ, ಮುಟ್ಟಲಿಲ್ಲ ಅಂದೆ. ಅಲ್ಲಿ ಈಗ ಏನಿದೆ ಅಂದರು. ಅವ್ವನ ಮಾತೇ, ಹಿಂದಿಯಲ್ಲಿ.

ಮರಳಿ ಗದಗ

ಹಿಂದಿರುಗುವ ರೈಲಿನಲ್ಲಿ ಮಲಗಿದ್ದೇ ಜಾಸ್ತಿ. ಬಲಗೈಯ ಎರಡು ಬೆರಳ ತುದಿ ಒಂದು ವಾರ ಜೋಮು ಹಿಡಿದ ಹಾಗಿತ್ತು, ಆಮೇಲೆ ಸರಿಹೋಯಿತು. ಪ್ರೆಸ್ಸಿನಲ್ಲಿ ಮೊದಲ ಲಗ್ನಪತ್ರಿಕೆಯ ಆರ್ಡರು ಬಂದು ಕೂತಿತ್ತು.

ಅವ್ವ ಮಕ್ಕೂಮಠದ ಪ್ರಸಾದ ಕಣ್ಣಿಗೆ ಒತ್ತಿಕೊಂಡು ಜಗುಲಿಯ ಮೇಲೆ ಇಟ್ಟಳು. ಬ್ಯಾಗಿನ ಬಟ್ಟೆ ತೆಗೆಯುತ್ತ ಒಣಗಿದ ಕಿತ್ತಳೆ ಸಿಪ್ಪೆ ಕೈಗೆ ಬಂದಾಗ ಅದನ್ನೂ ಪ್ರಸಾದವೇನೋ ಅಂತ ಒಂದು ಕ್ಷಣ ನೋಡಿದಳು. ಆಮೇಲೆ ಕೇಳಿದಳು.

"ಎಷ್ಟ ಉಳದಿತ್ತು?"

"ಒಂಬೈನೂರ ಮೀಟರ."

"ಅಷ್ಟಕ್ಕ ಕುದುರಿ ಸಿಗಲಿಲ್ಲೇನು?"